ಸಾರ್ವೆಯಿಂದ ಬಿದ್ದರೆ ಯಾರು ಕೊಡಬೇಕು? ಗುತ್ತಿಗೆದಾರನ ಹೊಣೆ, ವಿಮೆ ಮತ್ತು ನೂರು ವರ್ಷದ ಕಥೆ

ಜಿಲ್ಲಾ ಪುಟದಲ್ಲಿ ಈ ಸುದ್ದಿಗೆ ಸಿಗುವುದು ನಾಲ್ಕೇ ಸಾಲು. ‘ಕಟ್ಟಡದಿಂದ ಬಿದ್ದು ಕಾರ್ಮಿಕ ಸಾವು’ ಎಂಬ ತಲೆಬರಹ, ಊರು, ವಯಸ್ಸು, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಎಂಬ ಮಾತು. ಪತ್ರಿಕೆಯ ಕೆಲಸ ಅಲ್ಲಿಗೆ ಮುಗಿಯುತ್ತದೆ, ಊರಿನ ಕೆಲಸ ಅಲ್ಲಿಂದ ಶುರುವಾಗುತ್ತದೆ. ಮಣ್ಣು ಮುಗಿದ ಮೇಲೆ ನಾಲ್ಕು ಜನ ಹಿರಿಯರು ಕೂರುತ್ತಾರೆ. ಮನೆ ಕಟ್ಟಿಸುವವರು ಇಷ್ಟು, ಮೇಸ್ತ್ರಿ ಇಷ್ಟು ಅಂತ ಮಾತಾಗುತ್ತದೆ. ಬಿಳಿ ಹಾಳೆಯ ಮೇಲೆ ‘ಇನ್ನು ಮುಂದೆ ನಮ್ಮದೇನೂ ತಕರಾರಿಲ್ಲ’ ಎಂದು ಬರೆಸಿ, ಸತ್ತವನ ಹೆಂಡತಿಯ ಹೆಬ್ಬೆಟ್ಟು ಒತ್ತಿಸುತ್ತಾರೆ.

ಆ ಹಾಳೆಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಇದು ನಿನ್ನೆ ಮೊನ್ನೆ ಬಂದ ಮಾತೂ ಅಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಕೆಲಸದಲ್ಲಿ ಜೀವ ಹೋದರೆ ಪರಿಹಾರದ ಹಣವನ್ನು ಕೆಲಸ ಕೊಟ್ಟವನು ನೇರವಾಗಿ ಮನೆಯವರ ಕೈಗೆ ಕೊಡುವಂತಿಲ್ಲ. ಕಮಿಷನರ್ ಬಳಿ ಠೇವಣಿ ಇಡಬೇಕು. ಕೈಗೆ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೇ ಬರುವುದಿಲ್ಲ. ಮೂರು ತಿಂಗಳ ಕೂಲಿಯಷ್ಟು ಮುಂಗಡಕ್ಕೆ ಮಾತ್ರ ಆಮೇಲೆ ವಿನಾಯಿತಿ ಸಿಕ್ಕಿತು. 17ನೇ ಸೆಕ್ಷನ್ ಇನ್ನೂ ನೇರವಾಗಿ, ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂಬ ಕರಾರು ಊರ್ಜಿತವಲ್ಲ ಎನ್ನುತ್ತದೆ. ವಿಧವೆಯ ಮುಂದೆ ಹಾಳೆ ಹಿಡಿದು ಕೂರುವವರು ಇರುತ್ತಾರೆ ಎಂಬುದು ಆ ಕಾಯ್ದೆ ಬರೆದವರಿಗೆ ಗೊತ್ತಿದ್ದಂತಿದೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ನಮ್ಮ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದು, ಹೊಣೆ ಯಾರದು. ಇನ್ನೊಂದು, ದುಡ್ಡು ಎಲ್ಲಿಂದ ಬರಬೇಕು. ಮೊದಲನೆಯದಕ್ಕೆ ನಮ್ಮ ಕಾನೂನು ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಇನ್ನೂ ಸರಿಯಾಗಿ ಕೊಟ್ಟಿಲ್ಲ. ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಇಂಗ್ಲೆಂಡಿಗೆ ಒಮ್ಮೆ ಹೋಗಿಬರಬೇಕು. ನಮ್ಮ ಕಾಯ್ದೆಯ ಬೇರು ಇರುವುದು ಅಲ್ಲಿ.

ಮಾಂಸದ ಗಾಡಿಯಿಂದ ಶುರು

1837ರ ಒಂದು ತೀರ್ಪು. ಪ್ರೀಸ್ಟ್ಲಿ ಎಂಬ ಹುಡುಗ ಫೌಲರ್ ಎಂಬ ಮಾಂಸ ವ್ಯಾಪಾರಿಯ ಬಳಿ ಆಳು. ಮಿತಿಮೀರಿ ಮಾಂಸ ಹೇರಿದ್ದ ಗಾಡಿ ಮುರಿದುಬಿದ್ದು ಹುಡುಗನ ತೊಡೆಯ ಮೂಳೆ ಮುರಿಯಿತು. ಜ್ಯೂರಿಯವರು 100 ಪೌಂಡ್ ಕೊಡಿಸಿದರು. ಮೇಲಿನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಅಪಾಯ ಎಂದು ಕಂಡರೆ ಆಳು ಆ ಕೆಲಸ ಒಲ್ಲೆ ಅನ್ನಬಹುದಿತ್ತಲ್ಲ ಎಂಬುದು ನ್ಯಾಯಾಧೀಶರ ಮಾತಿನ ಸಾರ. ಒಲ್ಲೆ ಎಂದರೆ ಮರುದಿನ ಕೂಲಿ ಇಲ್ಲ ಎನ್ನುವುದು ಆ ಪೀಠಕ್ಕೆ ತೋಚಲಿಲ್ಲ. ಈ ತೀರ್ಪಿನ ನೆರಳಲ್ಲೇ ಇನ್ನೊಂದು ವಾದ ಬೆಳೆಯಿತು. ಜೊತೆ ಕೆಲಸಗಾರನ ತಪ್ಪಿನಿಂದ ಏಟಾದರೆ ಮಾಲೀಕ ಹೊಣೆಯಲ್ಲ ಎಂಬ ವಾದ. ಸಾರ್ವೆ ಕಟ್ಟಿದವನೂ ಕೂಲಿ, ಅದರಿಂದ ಬಿದ್ದವನೂ ಕೂಲಿ, ಮಾಲೀಕನಿಗೇನು ಸಂಬಂಧ?

ಸುಮಾರು 40 ವರ್ಷ ಹೀಗೇ ನಡೆಯಿತು. 1880ರಲ್ಲಿ ಇಂಗ್ಲೆಂಡ್ ಒಂದು ಕಾಯ್ದೆ ತಂದು ಈ ವಾದವನ್ನು ಸ್ವಲ್ಪ ಸಡಿಲಿಸಿತು. ಕಾಯ್ದೆ ಬಂದ ವರ್ಷವೇ ಲಂಡನ್ನಿನಲ್ಲಿ ಮಾಲೀಕರ ಹೊಣೆಗೆಂದೇ ಒಂದು ವಿಮಾ ಕಂಪನಿ ಹುಟ್ಟಿತು, ಎಂಪ್ಲಾಯರ್ಸ್ ಲಯಬಿಲಿಟಿ ಅಶ್ಯೂರೆನ್ಸ್ ಕಾರ್ಪೊರೇಷನ್. ಕಾಯ್ದೆ ಹೊಣೆ ಹೊರಿಸಿತು, ಹೊಣೆಯ ಭಯ ವಿಮೆಯನ್ನು ಕರೆತಂದಿತು. ಜೀವವಿಮೆ, ಹಡಗಿನ ವಿಮೆ, ಬೆಂಕಿ ವಿಮೆ ಅದಕ್ಕೂ ಮೊದಲೇ ಇದ್ದವು. ನನ್ನ ವಸ್ತು ಹಾಳಾದರೆ ನನಗೆ ಕೊಡಿ ಎನ್ನುವ ವಿಮೆಗಳು ಅವು. ನನ್ನಿಂದ ಇನ್ನೊಬ್ಬನಿಗೆ ಏಟಾದರೆ ಅವನಿಗೆ ಕೊಡಿ ಎನ್ನುವ ವಿಮೆ ಅವುಗಳಿಗಿಂತ ಬಹಳ ತಡವಾಗಿ ಬಂದದ್ದು.

ಇಲ್ಲಿಂದ ದಾರಿ ಎರಡಾಯಿತು. ಜರ್ಮನಿಯಲ್ಲಿ ಬಿಸ್ಮಾರ್ಕ್ 1884ರಲ್ಲಿ ಅಪಘಾತ ವಿಮೆಯ ಕಾಯ್ದೆ ತಂದರು. ಅಲ್ಲಿ ಮಾಲೀಕರು ವಂತಿಗೆ ಕಟ್ಟಲೇಬೇಕು, ಏಟಾದವನಿಗೆ ಆ ನಿಧಿಯಿಂದ ಹಣ. ಯಾರ ತಪ್ಪು ಎಂಬ ಪಂಚಾಯಿತಿಯೇ ಇಲ್ಲ. ಇಂಗ್ಲೆಂಡ್ 1897ರಲ್ಲಿ ಬೇರೆ ದಾರಿ ಹಿಡಿಯಿತು. ತಪ್ಪು ಯಾರದೇ ಇರಲಿ ಕೆಲಸದಲ್ಲಿ ಏಟಾದರೆ ಮಾಲೀಕ ಕೊಡಬೇಕು ಎಂದು ಕಾಯ್ದೆ ಮಾಡಿತು. ಅದಕ್ಕಾಗಿ ವಿಮೆ ಮಾಡಿಸುವುದು ಬಿಡುವುದು ಮಾಲೀಕನ ಇಷ್ಟ.

ಆ 1897ರ ಕಾಯ್ದೆ ಕಟ್ಟಡದ ಕೆಲಸಕ್ಕೆ ಒಂದು ವಿಚಿತ್ರ ಅಳತೆ ಇಟ್ಟಿತ್ತು. ಕಟ್ಟಡ 30 ಅಡಿಗಿಂತ ಎತ್ತರ ಇರಬೇಕು. ಜೊತೆಗೆ ಸಾರ್ವೆ ಕಟ್ಟಿ ಕೆಲಸ ನಡೆಯುತ್ತಿರಬೇಕು, ಇಲ್ಲವೇ ಕೆಡವುತ್ತಿರಬೇಕು, ಇಲ್ಲವೇ ಯಂತ್ರ ಓಡುತ್ತಿರಬೇಕು. ಇಪ್ಪತ್ತೈದು ಅಡಿಯಿಂದ ಬಿದ್ದವನಿಗೆ ಬೆನ್ನು ಮುರಿದರೂ ಕಾಯ್ದೆ ಇಲ್ಲ. ಎರಡು ಕುದುರೆಯ ಮೇಲೆ ಹಲಗೆ ಹಾಕಿದರೆ ಅದು ಸಾರ್ವೆಯೋ ಅಲ್ಲವೋ ಎಂಬಂಥ ಮಾತುಗಳು ಅಲ್ಲಿನ ಕೋರ್ಟುಗಳಲ್ಲಿ ವಾದಕ್ಕೆ ಬಂದವು. (ಕುದುರೆ ಎಂದರೆ ನಮ್ಮ ಗಾರೆಯವರು ನಿಂತು ಪ್ಲಾಸ್ಟರ್ ಮಾಡುವ ಮರದ ಕುದುರೆ, ಓಡುವ ಕುದುರೆ ಅಲ್ಲ.) 1906ರ ಹೊಸ ಕಾಯ್ದೆ ಈ ಅಳತೆಗಳನ್ನು ತೆಗೆದುಹಾಕಿತು.

ನಮ್ಮ ದೇಶಕ್ಕೆ ಬಂದದ್ದು

ಇಲ್ಲಿ ಅದಕ್ಕೂ ಮೊದಲು ಇದ್ದದ್ದು 1855ರ ಮಾರಕ ಅಪಘಾತಗಳ ಕಾಯ್ದೆ. ಸತ್ತವನ ಮನೆಯವರು ಸಿವಿಲ್ ಕೋರ್ಟಿಗೆ ಹೋಗಿ ದಾವೆ ಹಾಕಬಹುದಿತ್ತು. ಆದರೆ ಎದುರಿನವನ ತಪ್ಪನ್ನು ಸಾಬೀತು ಮಾಡಬೇಕಿತ್ತು. ಕೂಲಿಯವನ ಮನೆಯವರು ಎಷ್ಟು ಜನ ಹಾಗೆ ಹೋಗಿರಬಹುದು ಎಂದು ನೀವೇ ಅಂದಾಜು ಮಾಡಿ.

1923ರ ಕಾಯ್ದೆ 1924ರ ಜುಲೈ 1ರಿಂದ ಬ್ರಿಟಿಷ್ ಭಾರತದಲ್ಲಿ ಜಾರಿಗೆ ಬಂತು. ನಮ್ಮ ಕಡೆ ಲೆಕ್ಕ ಹಾಕಿದರೆ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ, ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಮತ್ತು ಮಂಗಳೂರು. ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು ಇದರ ಹೊರಗಿದ್ದವು.

ಆಗಿನ ಮೊತ್ತ ಎಷ್ಟು ಗೊತ್ತೇ? ವಯಸ್ಕ ಕೆಲಸಗಾರ ಸತ್ತರೆ 30 ತಿಂಗಳ ಸಂಬಳ ಅಥವಾ 2,500 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಪೂರ್ತಿ ಅಂಗವಿಕಲನಾದರೆ 42 ತಿಂಗಳ ಸಂಬಳ ಅಥವಾ 3,500 ರೂಪಾಯಿ. ಬದುಕಿ ಹಾಸಿಗೆ ಹಿಡಿದವನಿಗೆ ಸತ್ತವನಿಗಿಂತ ಹೆಚ್ಚು, ಯಾಕೆಂದರೆ ಅವನಿಗೂ ಊಟ ಹಾಕಬೇಕಲ್ಲ. ಬಾಲಕನಾಗಿದ್ದರೆ ಅವನ ಜೀವಕ್ಕೆ 200 ರೂಪಾಯಿ.

ಈ ಕಾಯ್ದೆ ಇಂಗ್ಲೆಂಡಿನ ದಾರಿಯನ್ನೇ ಹಿಡಿಯಿತು. ಹೊಣೆ ಕಡ್ಡಾಯ, ವಿಮೆ ಇಷ್ಟ. ಅಳತೆಯ ಹುಚ್ಚೂ ಜೊತೆಗೇ ಬಂತು. ಬಹುಕಾಲ ಅದರ ಪಟ್ಟಿಯಲ್ಲಿದ್ದ ಮಾತು ಇದು: ಕಟ್ಟಡ ಒಂದಂತಸ್ತಿಗಿಂತ ಹೆಚ್ಚಿರಬೇಕು, ಇಲ್ಲವೇ ನೆಲದಿಂದ ಸೂರಿನ ತುದಿಗೆ 12 ಅಡಿ ಇರಬೇಕು. ನಮ್ಮ ಹಳ್ಳಿಯ ಒಂದಂತಸ್ತಿನ ಆರ್‌ಸಿಸಿ ಮನೆ ಬುನಾದಿ, ಪ್ಯಾರಾಪೆಟ್ ಸೇರಿ 12 ಅಡಿ ಮುಟ್ಟುತ್ತದೋ ಇಲ್ಲವೋ ಎಂದು ಟೇಪು ಹಿಡಿದೇ ನೋಡಬೇಕು.

ಇದಕ್ಕಿಂತ ದೊಡ್ಡ ತೂತು ಇನ್ನೊಂದಿತ್ತು. ‘ಆಗೊಮ್ಮೆ ಈಗೊಮ್ಮೆ’ ಕರೆಸಿಕೊಂಡ ಕೆಲಸಗಾರ, ಅದೂ ಮಾಲೀಕನ ಕಸುಬಿಗೆ ಸಂಬಂಧವಿಲ್ಲದ ಕೆಲಸಕ್ಕೆ ಬಂದವನು, ಕಾಯ್ದೆಯ ಪ್ರಕಾರ ಕೆಲಸಗಾರನೇ ಅಲ್ಲ. ರೈತರು ದನದ ಕೊಟ್ಟಿಗೆ ರಿಪೇರಿಗೆ ಎರಡು ದಿನಕ್ಕೆ ಕರೆದ ಆಳು ಈ ತೂತಿನಲ್ಲಿ ಬೀಳುತ್ತಿದ್ದ. ಅದನ್ನು ಮುಚ್ಚಿದ್ದು 2000ನೇ ಇಸವಿಯ ತಿದ್ದುಪಡಿ. ಎಪ್ಪತ್ತೇಳು ವರ್ಷ ಹಿಡಿಯಿತು.

ಮೇಲಿನವರನ್ನು ಹಿಡಿಯುವ ಸೆಕ್ಷನ್

ಇಷ್ಟೆಲ್ಲ ಬೈದ ಮೇಲೆ ಆ ಕಾಯ್ದೆಯ ಒಂದು ಒಳ್ಳೆಯ ಭಾಗವನ್ನು ಹೇಳಬೇಕು. ಗುತ್ತಿಗೆಯ ಕೆಲಸಕ್ಕೆ ಹೋಗುವವರೆಲ್ಲ ತಿಳಿದಿರಬೇಕಾದ ಭಾಗ ಅದು, 12ನೇ ಸೆಕ್ಷನ್.

ನಮ್ಮಲ್ಲಿ ಚರಂಡಿ ಕೆಲಸ ಹೇಗೆ ನಡೆಯುತ್ತದೆ? ಪಂಚಾಯಿತಿ ಒಬ್ಬ ಕಂಟ್ರಾಕ್ಟರ್‌ಗೆ ಕೊಡುತ್ತದೆ. ಅವರು ಇನ್ನೊಬ್ಬರಿಗೆ ತುಂಡು ಗುತ್ತಿಗೆ ಕೊಡುತ್ತಾರೆ. ಅವರು ಮೇಸ್ತ್ರಿಗೆ ಹೇಳುತ್ತಾರೆ, ಮೇಸ್ತ್ರಿ ಪಕ್ಕದ ಊರಿನಿಂದ ಆಳು ಕರೆತರುತ್ತಾನೆ. ಮಣ್ಣು ಕುಸಿದು ಆಳು ಸಿಕ್ಕಿಕೊಂಡರೆ ಎಲ್ಲರೂ ಕೆಳಗಿನವನ ಕಡೆ ಬೆರಳು ತೋರಿಸುತ್ತಾರೆ. ಕೊನೆಗೆ ಉಳಿಯುವ ಮೇಸ್ತ್ರಿಯ ಹತ್ತಿರ ಒಂದು ಬೈಕು, ಎರಡು ಕರಣೆ, ಬಾಡಿಗೆಗೆ ತಂದ ಸೆಂಟ್ರಿಂಗ್ ಶೀಟು.

12ನೇ ಸೆಕ್ಷನ್ ಬೆರಳನ್ನು ತಿರುಗಿಸುತ್ತದೆ. ತನ್ನ ಕಸುಬಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು, ಆ ಆಳನ್ನು ತಾನೇ ನೇರವಾಗಿ ಇಟ್ಟುಕೊಂಡಿದ್ದರೆ ಎಷ್ಟು ಕೊಡಬೇಕಿತ್ತೋ ಅಷ್ಟನ್ನೂ ಕೊಡಬೇಕು. ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಆಳು ಕಾಯಬೇಕಿಲ್ಲ. ಸರ್ಕಾರಿ ಇಲಾಖೆಗೆ, ಪಂಚಾಯಿತಿಗೆ ಕಸುಬು ಎಲ್ಲಿಂದ ಬಂತು ಎಂದು ವಕೀಲರು ಕೇಳಬಹುದು. ಅದಕ್ಕೂ ಕಾಯ್ದೆಯಲ್ಲಿ ಉತ್ತರ ಇತ್ತು. ಸ್ಥಳೀಯ ಸಂಸ್ಥೆಗಳು ಮತ್ತು ಇಲಾಖೆಗಳು ತಮ್ಮ ಅಧಿಕಾರ, ಕರ್ತವ್ಯ ನಡೆಸುವುದನ್ನೇ ಅವುಗಳ ಕಸುಬು ಎಂದು ತಿಳಿಯಬೇಕು ಎಂದು 2ನೇ ಸೆಕ್ಷನ್ನಿನಲ್ಲೇ ಬರೆದಿತ್ತು.

ಆದರೆ ಸ್ವಂತ ವಾಸಕ್ಕೆ ಮನೆ ಕಟ್ಟಿಸುವ ರೈತರೋ ಮೇಷ್ಟ್ರೋ ಈ ಸೆಕ್ಷನ್ನಿಗೆ ಸುಲಭವಾಗಿ ಸಿಗುವುದಿಲ್ಲ. ಮನೆ ಕಟ್ಟಿಸುವುದು ಅವರ ಕಸುಬಲ್ಲ. ಅಲ್ಲಿ ಇಡೀ ಭಾರ ಮೇಸ್ತ್ರಿಯ ಹೆಗಲಿಗೆ. ಹಳ್ಳಿಯಲ್ಲಿ ಕಟ್ಟುವ ಮನೆಗಳಲ್ಲಿ ಹೆಚ್ಚಿನವು ಇಂಥವೇ.

‘ಕುಡಿದಿದ್ದ’ ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಬಿದ್ದವನ ಬಗ್ಗೆ ಮೊದಲು ಹಬ್ಬುವ ಸುದ್ದಿಯೇ ಅದು. ಕುಡಿತ, ಬೇಕೆಂದೇ ಸುರಕ್ಷತೆಯ ನಿಯಮ ಮೀರಿದ್ದು, ಇವುಗಳಿಂದ ಸಣ್ಣಪುಟ್ಟ ಏಟಾದರೆ ಮಾಲೀಕನಿಗೆ ವಿನಾಯಿತಿ ಇದೆ. ಸಾವಾದರೆ ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆ ಬಂದರೆ ಆ ವಿನಾಯಿತಿ ಇಲ್ಲ.

ಒಂದು ಕೈಯ ಬಡಗಿ

ಪುಸ್ತಕದಲ್ಲಿದ್ದ ಹೊಣೆ ನೆಲಕ್ಕೆ ಇಳಿದದ್ದು ಕೋರ್ಟುಗಳ ಮೂಲಕ. ಅವುಗಳಲ್ಲಿ ಒಂದು ಪ್ರಕರಣ ನಮಗೆ ಬಹಳ ಮುಖ್ಯ ಅನ್ನಿಸುತ್ತದೆ. ಒಡಿಶಾದ ಜೇಪುರ ಎಂಬ ಊರು, ರಾಜಸ್ಥಾನದ ಜೈಪುರ ಅಲ್ಲ. ಅಲ್ಲೊಂದು ಸಿನಿಮಾ ಟಾಕೀಸಿನಲ್ಲಿ ಬಡಗಿಯೊಬ್ಬರು ಅಲಂಕಾರದ ಮರಗೆಲಸ ಮಾಡುತ್ತಿದ್ದರು. 1968ರ ಜುಲೈ 6ರಂದು ಬಿದ್ದರು. ಎಡಗೈಯನ್ನು ಮೊಣಕೈ ಮೇಲಿನಿಂದ ಕತ್ತರಿಸಬೇಕಾಯಿತು.

ಟಾಕೀಸಿನ ಮಾಲೀಕರು ಹಣ ಕೊಡಲಿಲ್ಲ. ಕಮಿಷನರ್ 9,800 ರೂಪಾಯಿ ಪರಿಹಾರ, ಅದರ ಮೇಲೆ ಶೇ 50 ದಂಡ, ಬಡ್ಡಿ ಎಂದು ಆದೇಶ ಮಾಡಿದರು. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಒಂದು ಕೈ ಹೋದರೆ ಅದು ಪೂರ್ತಿ ಅಂಗವಿಕಲತೆ ಹೇಗಾಗುತ್ತದೆ, ಇನ್ನೊಂದು ಕೈ ಇದೆಯಲ್ಲ ಎಂಬ ವಾದ ಬಂತು. ಕಮಿಷನರ್ ಲೆಕ್ಕ ತೀರ್ಮಾನಿಸುವ ತನಕ ಹಣ ಬಾಕಿಯೇ ಆಗಿರಲಿಲ್ಲ, ಹಾಗಾಗಿ ದಂಡವೂ ಬಡ್ಡಿಯೂ ಇಲ್ಲ ಎಂಬ ವಾದವೂ ಬಂತು.

1975ರ ಡಿಸೆಂಬರ್‌ನಲ್ಲಿ ನಾಲ್ವರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ತಳ್ಳಿಹಾಕಿತು. ಬಡಗಿಯ ಕೆಲಸ ಒಂದೇ ಕೈಯಲ್ಲಿ ಆಗುವುದಿಲ್ಲ, ಆದ್ದರಿಂದ ಅವರ ಮಟ್ಟಿಗೆ ಅದು ಪೂರ್ತಿ ನಷ್ಟವೇ ಎಂದಿತು. ಹಣ ಬಾಕಿಯಾಗುವುದು ಏಟಾದ ದಿನದಿಂದಲೇ, ಆದೇಶದ ದಿನದಿಂದಲ್ಲ ಎಂದಿತು. ಅಂಗವನ್ನು ಶೇಕಡಾವಾರು ಅಳೆಯಬೇಡಿ, ಆ ಮನುಷ್ಯನ ಕಸುಬನ್ನು ನೋಡಿ ಎಂಬುದು ಈ ತೀರ್ಪಿನ ತಿರುಳು. ಗಾರೆ ಕೆಲಸದವರು, ಬಾರ್ ಬೆಂಡಿಂಗ್‌ನವರು, ಪೇಂಟರ್‌ಗಳು ಈ ತೀರ್ಪಿನ ಮಾತನ್ನು ಇವತ್ತಿಗೂ ತಮ್ಮ ಪರವಾಗಿ ಹಿಡಿಯಬಹುದು. ಬಡಗಿಗೆ ಈ ಉತ್ತರ ಸಿಕ್ಕಿದ್ದು ಏಳು ವರ್ಷದ ಮೇಲೆ ಎನ್ನುವುದನ್ನೂ ಮರೆಯಬಾರದು.

1995ರ ತಿದ್ದುಪಡಿಯ ನಂತರ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಒಂದು ತಿಂಗಳೊಳಗೆ ಹಣ ಇಡದಿದ್ದರೆ ಶೇ 12 ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ ಶೇ 50ರ ತನಕ ದಂಡ. ವಿಮೆ ಇದ್ದರೆ ಇದನ್ನೆಲ್ಲ ಯಾರು ಕೊಡಬೇಕು? ವಾಹನ ಅಪಘಾತದ ಒಂದು ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪರಿಹಾರ ಮತ್ತು ಬಡ್ಡಿ ವಿಮಾ ಕಂಪನಿಯದು, ದಂಡ ಮಾತ್ರ ಮಾಲೀಕನ ಸ್ವಂತ ಜೇಬಿನಿಂದ. ವಾಹನದ ವಿಮೆ ಅಲ್ಲದ ಕಡೆ ಬಡ್ಡಿ ಕೊಡುವುದಿಲ್ಲ ಎಂದು ಕಂಪನಿ ಪಾಲಿಸಿಯಲ್ಲೇ ಬರೆದುಕೊಳ್ಳಬಹುದು ಎಂದು 2006ರ ಇನ್ನೊಂದು ತೀರ್ಪು ಹೇಳಿತು. ಪಾಲಿಸಿಯ ಸಣ್ಣ ಅಕ್ಷರ ಓದಿ ಎಂದು ಹೇಳುವುದು ಇದಕ್ಕೇ.

ಕೆಲಸಕ್ಕೆ ಬಾರದವನಿಗೆ ಏಟಾದರೆ

ಇಷ್ಟೂ ಹೇಳಿದ್ದು ಕೂಲಿಗೆ ಬಂದವರ ಕಥೆ. ದಾರಿಯಲ್ಲಿ ಹೋಗುತ್ತಿದ್ದವರ ತಲೆ ಮೇಲೆ ಇಟ್ಟಿಗೆ ಬಿದ್ದರೆ? ಪಾಯ ತೋಡುವಾಗ ಪಕ್ಕದ ಮನೆಯ ಗೋಡೆ ಸೀಳಿದರೆ? ಅವರು ಯಾರ ಆಳೂ ಅಲ್ಲ. 1923ರ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ.

ಇದರ ಹಳೇ ಕಥೆಯೂ ಗುತ್ತಿಗೆದಾರರದೇ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಜಾನ್ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕ ತನ್ನ ಗಿರಣಿಗೆ ನೀರು ಬೇಕೆಂದು ಒಂದು ಕೆರೆ ಕಟ್ಟಿಸಿದ. ಗುತ್ತಿಗೆದಾರರು ಅಗೆಯುವಾಗ ಮಣ್ಣು ತುಂಬಿದ ಹಳೇ ಗಣಿ ಬಾವಿಗಳು ಸಿಕ್ಕವು. ಅವರು ಸರಿಯಾಗಿ ಮುಚ್ಚದೆ ಮುಂದೆ ಹೋದರು. 1860ರ ಡಿಸೆಂಬರ್ 11ರಂದು ನೀರು ಆ ಬಾವಿಗಳ ಮೂಲಕ ಒಡೆದುಕೊಂಡು ಫ್ಲೆಚರ್ ಎಂಬುವರ ಕಲ್ಲಿದ್ದಲು ಗಣಿಗೆ ನುಗ್ಗಿತು. ರೈಲ್ಯಾಂಡ್ಸ್‌ನ ತಪ್ಪೇನೂ ಇರಲಿಲ್ಲ, ಬಲ್ಲವರಿಗೇ ಕೆಲಸ ಕೊಟ್ಟಿದ್ದ. ಆದರೂ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆತನನ್ನೇ ಹೊಣೆ ಮಾಡಿತು. ಹೊರಗೆ ಹೋದರೆ ಹಾನಿ ಮಾಡುವಂಥದ್ದನ್ನು ನಿನ್ನ ಜಾಗಕ್ಕೆ ತಂದು ಕೂಡಿಟ್ಟರೆ ಅದರ ಜವಾಬ್ದಾರಿ ನಿನ್ನದೇ ಎಂದಿತು.

ಈ ತತ್ವ ನಮ್ಮ ಸೀಮೆಗೆ ಬಂದಾಗ ಮುಗ್ಗರಿಸಿತು. ಇವತ್ತಿನ ಆಂಧ್ರದ ಚಿತ್ತೂರು ಕಡೆಯ ಕಾರ್ವೇಟಿನಗರ ಜಮೀನ್ದಾರಿಯಲ್ಲಿ ಮಳೆಗೆ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ಹಾನಿಯಾಯಿತು. ರೈಲ್ವೆಯವರು ರೈಲ್ಯಾಂಡ್ಸ್ ತೀರ್ಪು ಹಿಡಿದು ಜಮೀನ್ದಾರರ ಮೇಲೆ ದಾವೆ ಹಾಕಿದರು. 1874ರಲ್ಲಿ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಇಂಗ್ಲೆಂಡಿನ ಗಿರಣಿ ಕೆರೆಯೇ ಬೇರೆ, ಈ ನಾಡಿನ ಕೆರೆಯೇ ಬೇರೆ. ಇಲ್ಲಿ ಕೆರೆ ಇಲ್ಲದೆ ಬೇಸಾಯವಿಲ್ಲ, ಅದನ್ನು ಕಾಪಾಡುವುದು ಜಮೀನ್ದಾರರ ಕರ್ತವ್ಯ, ಹಾಗಾಗಿ ತಪ್ಪಿಲ್ಲದೆ ಹೊಣೆ ಹೊರಿಸಲಾಗದು ಎಂದಿತು. ಕೆರೆಯ ನಾಡಿನವರಾದ ನಮಗೆ ಈ ತೀರ್ಪು ಓದಲು ಖುಷಿ ಕೊಡುತ್ತದೆ.

ಹೊರಗಿನವರ ಹಾನಿಗೆ ಕಡ್ಡಾಯ ವಿಮೆ ಬೇಕೆಂಬ ಮಾತು ನಮ್ಮಲ್ಲಿ ಮೊದಲು ಬಂದದ್ದು ವಾಹನಗಳಿಗೆ. 1939ರ ಮೋಟಾರು ವಾಹನ ಕಾಯ್ದೆಯ ಆ ಭಾಗ 1946ರ ಜುಲೈ 1ರಿಂದ ಜಾರಿಯಾಯಿತು. ಥರ್ಡ್ ಪಾರ್ಟಿ ಎಂಬ ಪದ ನಮ್ಮ ಹಳ್ಳಿಯವರ ಬಾಯಿಗೆ ಬಂದದ್ದೇ ಅಲ್ಲಿಂದ. 1984ರ ಭೋಪಾಲ್ ದುರಂತದ ನಂತರ, 1991ರಲ್ಲಿ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ ಬಂತು. ಸತ್ತವರಿಗೆ ತಕ್ಷಣದ ಪರಿಹಾರ 25,000 ರೂಪಾಯಿ ಎಂದು ಆಗ ಇಟ್ಟರು. ಹೆಸರು ಕೇಳಿದರೆ ಎಲ್ಲರಿಗೂ ಅನ್ವಯಿಸುತ್ತದೆ ಅನ್ನಿಸುತ್ತದೆ. ಆದರೆ ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ ಮಾತ್ರ. ನಾಲ್ಕಂತಸ್ತಿನ ಅರೆಬರೆ ಕಟ್ಟಡ ಆ ಪಟ್ಟಿಯಲ್ಲಿಲ್ಲ.

ಕಟ್ಟಡಗಳು ಮಾತ್ರ ಬೀಳುತ್ತಲೇ ಬಂದವು. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಬಿದ್ದಾಗ 19 ಜನ ಹೋದರು. ಅಲ್ಲಿ ಮೇಲೆ ಕೆಲಸ ನಡೆಯುತ್ತಿದ್ದಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ಇಂಥ ಕಡೆ ಕೂಲಿಯವರಿಗೆ ಒಂದು ಕಾಯ್ದೆ, ಅಂಗಡಿಗೆ ಬಂದವರಿಗೆ ಇನ್ನೊಂದು. ಒಂದೇ ಕಾಂಕ್ರೀಟಿನ ಕೆಳಗೆ ಸಿಕ್ಕವರು ಬೇರೆ ಬೇರೆ ಬಾಗಿಲು ತಟ್ಟಬೇಕು.

ಗುತ್ತಿಗೆದಾರ ಕೊಳ್ಳುವ ಪಾಲಿಸಿಗಳು

ಈ ಎರಡು ಬಗೆಯ ಹೊಣೆಗೆ ಎರಡು ಬಗೆಯ ಪಾಲಿಸಿ ಇವೆ. ಆಳುಗಳಿಗೆ ‘ಎಂಪ್ಲಾಯೀಸ್ ಕಾಂಪೆನ್ಸೇಷನ್’ ಪಾಲಿಸಿ, ಹಳೇ ಹೆಸರು ‘ವರ್ಕ್‌ಮೆನ್ ಕಾಂಪೆನ್ಸೇಷನ್’. 2010ರ ಜನವರಿಯಲ್ಲಿ ಕಾಯ್ದೆಯ ಹೆಸರು ಬದಲಾದ ಮೇಲೆ ಪಾಲಿಸಿಯ ಹೆಸರೂ ಬದಲಾಯಿತು. ಪ್ರೀಮಿಯಂ ಹಾಕುವುದು ಗುತ್ತಿಗೆದಾರ ತೋರಿಸಿದ ಕೂಲಿಯ ಲೆಕ್ಕದ ಮೇಲೆ. ಮೋಸದ ಬಾಗಿಲು ಇಲ್ಲೇ ಇರುವುದು. ಇಪ್ಪತ್ತು ಜನ ದುಡಿಯುವ ಕಡೆ ಎಂಟು ಜನ ಎಂದು ತೋರಿಸಿದರೆ ಪ್ರೀಮಿಯಂ ಉಳಿಯುತ್ತದೆ, ಒಂಬತ್ತನೆಯವ ಬಿದ್ದ ದಿನ ತಕರಾರು ಶುರುವಾಗುತ್ತದೆ.

ಎರಡನೆಯದು ‘ಕಂಟ್ರಾಕ್ಟರ್ಸ್ ಆಲ್ ರಿಸ್ಕ್’. 1929ರಲ್ಲಿ ಲಂಡನ್ನಿನ ಥೇಮ್ಸ್ ನದಿಗೆ ಲ್ಯಾಂಬೆತ್ ಸೇತುವೆ ಕಟ್ಟಲು ಹೊರಟಾಗ ಮಾಡಿಸಿದ್ದು ಇಂಥ ಮೊದಲ ಪಾಲಿಸಿ ಎಂದು ವಿಮೆಯವರ ಲೋಕದಲ್ಲಿ ಹೇಳುತ್ತಾರೆ. ಕಟ್ಟುತ್ತಿರುವ ಕೆಲಸ ಹಾಳಾದರೆ ಒಂದು ಭಾಗ, ಹೊರಗಿನವರಿಗೆ ಹಾನಿಯಾದರೆ ಇನ್ನೊಂದು ಭಾಗ. ಸ್ವಂತ ಆಳುಗಳು ಆ ಎರಡನೇ ಭಾಗದಲ್ಲಿ ಬರುವುದಿಲ್ಲ. ‘ನಮ್ಮ ಹತ್ತಿರ ಎಲ್ಲ ರಿಸ್ಕಿನ ಪಾಲಿಸಿ ಇದೆ’ ಎಂದು ಕಂಟ್ರಾಕ್ಟರ್ ಹೇಳಿದರೆ ಆಳುಗಳು ನೆಮ್ಮದಿಯಾಗುವಂತಿಲ್ಲ. ಹೆಸರಿನಲ್ಲಿ ‘ಆಲ್’ ಇದೆ ಅಷ್ಟೇ.

ಅಮೆರಿಕದಲ್ಲಿ ‘ಜನರಲ್ ಲಯಬಿಲಿಟಿ’ ಎನ್ನುವುದು ಈ ಹೊರಗಿನವರ ಭಾಗವೇ. ಅಲ್ಲಿ 1940ರ ಹೊತ್ತಿಗೆ ಕಂಪನಿಗಳು ಸೇರಿ ಒಂದೇ ನಮೂನೆಯ ಪಾಲಿಸಿ ಮಾಡಿಕೊಂಡವು. ಅಲ್ಲಿನ ದೊಡ್ಡ ಗುತ್ತಿಗೆದಾರರು ಕೆಳಗಿನ ಗುತ್ತಿಗೆದಾರನನ್ನು ಸೈಟಿಗೆ ಬಿಡುವ ಮುನ್ನ ವಿಮೆಯ ಸರ್ಟಿಫಿಕೇಟ್ ಕೇಳುವುದು ರೂಢಿ. ನಮ್ಮಲ್ಲಿ ದೊಡ್ಡ ಟೆಂಡರುಗಳಲ್ಲಿ ವಿಮೆಯ ಷರತ್ತು ಇರುತ್ತದೆ. ತುಂಡು ಗುತ್ತಿಗೆಗೆ ಇಳಿಯುವಷ್ಟರಲ್ಲಿ ಆ ಷರತ್ತು ಎಲ್ಲೋ ಉದುರಿಹೋಗಿರುತ್ತದೆ.

ನಾವು ಎಲ್ಲಿ ನಿಂತಿದ್ದೇವೆ

ನಮಗೆ ದಾರಿ ತೋರಿಸಿದ ಇಂಗ್ಲೆಂಡೇ 1969ರಲ್ಲಿ ಬುದ್ಧಿ ಬದಲಾಯಿಸಿತು. ಮಾಲೀಕರು ಆಳುಗಳ ಹೊಣೆಗೆ ವಿಮೆ ಮಾಡಿಸಲೇಬೇಕು ಎಂಬ ಅಲ್ಲಿನ ಕಾಯ್ದೆ 1972ರ ಜನವರಿ 1ರಿಂದ ನಡೆಯುತ್ತಿದೆ. ನಾವು ಅವರ ಹಳೇ ದಾರಿಯಲ್ಲೇ ಉಳಿದೆವು.

1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ, ಸೆಸ್ ಕಾಯ್ದೆ ಬಂದವು. ಕಟ್ಟಡದ ವೆಚ್ಚದಲ್ಲಿ ಶೇ 1 ಸೆಸ್, ಅದರಿಂದ ಕಲ್ಯಾಣ ಮಂಡಳಿ, ಅದರಿಂದ ನಿಮ್ಮ ಜೇಬಿನಲ್ಲಿರುವ ಲೇಬರ್ ಕಾರ್ಡು. ಇದು ಸ್ವಲ್ಪ ಜರ್ಮನಿಯ ದಾರಿಯಂತೆ ಕಾಣುತ್ತದೆ. ಆದರೆ ಮಂಡಳಿಯ ನೆರವು ಬೇರೆ, ಗುತ್ತಿಗೆದಾರನ ಹೊಣೆ ಬೇರೆ. ‘ಲೇಬರ್ ಕಾರ್ಡಿನಲ್ಲಿ ಬರುತ್ತದೆ ಬಿಡಮ್ಮ’ ಎಂದು ಮೇಸ್ತ್ರಿ ಕೈತೊಳೆದುಕೊಳ್ಳುವಂತಿಲ್ಲ. ಸ್ವಂತ ವಾಸದ 10 ಲಕ್ಷದೊಳಗಿನ ಮನೆ ಆ ಕಾಯ್ದೆಯ ಹೊರಗಿತ್ತು. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರಲ್ಲಿ ಆ ಮಿತಿ 50 ಲಕ್ಷ. ಹಳ್ಳಿಯಲ್ಲಿ 50 ಲಕ್ಷದ ಮನೆ ಕಟ್ಟಿಸುವವರು ಎಷ್ಟು ಮಂದಿ ಎಂದು ಬೆರಳಲ್ಲಿ ಎಣಿಸಬಹುದು. ಗ್ರಾಚ್ಯುಟಿಗೆ ಮಾಲೀಕರು ವಿಮೆ ಮಾಡಿಸಬೇಕು ಎಂದು ಹೊಸ ಸಂಹಿತೆಯಲ್ಲಿ ಬರೆದಿದ್ದಾರೆ. ಸಾರ್ವೆಯಿಂದ ಬಿದ್ದವನ ಪರಿಹಾರಕ್ಕೆ ಹಾಗೆ ಬರೆದಿಲ್ಲ.

ಈಗ ಹಣದ ಲೆಕ್ಕ ನೋಡಿ. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 15,000 ರೂಪಾಯಿ. ಅದರ ಅರ್ಧ 7,500. ಮೂವತ್ತು ವರ್ಷದವರಿಗೆ ಹಳೇ ಕಾಯ್ದೆಯ ಪಟ್ಟಿಯ ಗುಣಕ 207.98. ಗುಣಿಸಿದರೆ 15,59,850 ರೂಪಾಯಿ. ಮೂವತ್ತರ ಗಾರೆಯವನ ಜೀವಕ್ಕೆ ಕಾನೂನು ಕಟ್ಟಿದ ಮೊತ್ತ ಇದು. ಹಿರಿಯರು ಕೂತು ಬರೆಸುವ ಬಿಳಿ ಹಾಳೆಯಲ್ಲಿ ಇಂಥ ಅಂಕಿ ನಾವಂತೂ ನೋಡಿಲ್ಲ. ಮೇಸ್ತ್ರಿ ಕೆಟ್ಟವನೆಂದಲ್ಲ. ಒಂದು ಮನೆಯ ಲೇಬರ್ ಗುತ್ತಿಗೆಯಲ್ಲಿ ಅವನಿಗೆ ಉಳಿಯುವ ದುಡ್ಡಿನಲ್ಲಿ ಇಷ್ಟು ಕೊಡಲು ಅವನು ಬಹಳ ವರ್ಷ ದುಡಿಯಬೇಕು. ಎಷ್ಟೋ ಸಲ ಬಿದ್ದವನು ಅವನ ಅಣ್ಣನೋ ಭಾವನೋ ಆಗಿರುತ್ತಾನೆ.

ಮರಳು ತರುವ ಟ್ರ್ಯಾಕ್ಟರ್ ವಿಮೆ ಇಲ್ಲದೆ ರಸ್ತೆಗೆ ಇಳಿದರೆ ಪೊಲೀಸರು ಹಿಡಿಯುತ್ತಾರೆ. ಅದೇ ಮರಳನ್ನು ಎರಡನೇ ಅಂತಸ್ತಿಗೆ ಹೊರುವವನ ವಿಮೆ ಎಲ್ಲಿ ಎಂದು ಕೇಳುವವರಿಲ್ಲ. ಮುಂಗಡ ಕೊಡುವ ಮುನ್ನ ಮೇಸ್ತ್ರಿಯನ್ನು ನೀವೇ ಕೇಳಬಹುದು. ಪಾಲಿಸಿ ಇದ್ದರೆ ಅದರಲ್ಲಿ ನಾಲ್ಕು ವಿಷಯ ನೋಡಿ: ಕೆಲಸ ನಡೆಯುವ ಜಾಗದ ವಿಳಾಸ, ಶುರು ಮತ್ತು ಮುಗಿಯುವ ತಾರೀಖು, ಎಷ್ಟು ಆಳು ಎಂಬ ಲೆಕ್ಕ, ಉಪಗುತ್ತಿಗೆಯವರ ಆಳುಗಳು ಸೇರಿದ್ದಾರೆಯೇ ಎಂಬುದು. ಪ್ರೀಮಿಯಂ ಹಣವನ್ನು ಮನೆ ಕಟ್ಟಿಸುವವರೇ ಹಾಕಿ ಗುತ್ತಿಗೆಯ ಲೆಕ್ಕದಲ್ಲಿ ಮುರಿದುಕೊಳ್ಳಲು ಅಡ್ಡಿ ಏನೂ ಇಲ್ಲ. ಅವಘಡ ಆಗಿಹೋಗಿದ್ದರೆ ಕಮಿಷನರ್ ಮುಂದೆ ಅರ್ಜಿ ಹಾಕಲು 1923ರ ಕಾಯ್ದೆ ಕೊಟ್ಟ ಗಡುವು ಎರಡು ವರ್ಷ. 2025ರ ನವೆಂಬರ್ 21ಕ್ಕೆ ಮುಂಚೆ ಬಿದ್ದವರ ಲೆಕ್ಕ ಆ ಹಳೇ ಕಾಯ್ದೆಯಲ್ಲೇ ನಡೆಯುತ್ತದೆ, ಮನೆಯವರು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿದ್ದರೂ ಸರಿ.